ಸ್ಯಾಂಡ್‌ಹರ್ಸ್ಟ್ ಎಂದು ಹುಡುಕದ ನಕ್ಷೆ

ಈ ಘಟನೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಅದರಲ್ಲಿ ನಡೆದದ್ದೆಷ್ಟು, ಹೇಳಿ ಹೇಳಿ ಬೆಳೆದದ್ದೆಷ್ಟು ಎಂದು ಈಗ ಖಚಿತವಿಲ್ಲ. ವರ್ಷ 2006 ಇರಬೇಕು. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನ ಕಚೇರಿಯೊಂದರಲ್ಲಿ ನಾನು ಜಿಯೋಟೆಕ್ನಿಕಲ್ ಇಂಜಿನಿಯರ್. ಅಂದರೆ ಕಟ್ಟಡ ಏಳುವ ಮುನ್ನ ನೆಲದ ಗಟ್ಟಿತನ ಪರೀಕ್ಷಿಸುವವನು.

ಎರಡು ಗಂಟೆ ದೂರದ ಬೆಂಡಿಗೊದಲ್ಲಿ ಗೋದಾಮಿಗೊಂದು ಜಾಗ ನಿಗದಿಯಾಗಿತ್ತು. 1850ರ ದಶಕದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಸೀಮೆಯದು. ಡ್ರಿಲ್ ಇಳಿಸುವ ಮೊದಲು ಹಳೆಯ ನಕ್ಷೆಗಳಲ್ಲಿ ಶಾಫ್ಟ್, ಅಂದರೆ ಗಣಿಬಾವಿ, ಇದೆಯೇ ಎಂದು ನೋಡಲೇಬೇಕು. ನಕ್ಷೆಗಳ ಸೂಚಿಯಲ್ಲಿ ‘ಬೆಂಡಿಗೊ’ ಎಂದು ಹುಡುಕಿದೆ. ಆ ಜಾಗದಲ್ಲಿ ಏನೂ ಕಾಣಲಿಲ್ಲ. ‘ಶಾಫ್ಟ್ ಇಲ್ಲ’ ಎಂದು ಸಹಿ ಹಾಕಿದೆ.

ಆ ಹೆಸರಿನ ಕಥೆಯನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದವನೂ ನಾನೇ. ಇಂಗ್ಲೆಂಡಿನ ಮುಷ್ಟಿಯೋಧನೊಬ್ಬನ ಅಡ್ಡಹೆಸರು ಇಲ್ಲಿನ ಕುರಿಗಾಹಿಯೊಬ್ಬನಿಗೆ ಅಂಟಿತಂತೆ. ಅವನಿಂದ ಹಳ್ಳಕ್ಕೆ, ಹಳ್ಳದಿಂದ ಊರಿಗೆ ಬಂತಂತೆ. ಧಾರವಾಡದ ವೀಣಾ, ನಮ್ಮ ಸೈಟ್ ಇಂಜಿನಿಯರ್, ನಕ್ಕಿದ್ದಳು: “ಹೆಸರಿನ ಜಾತಕ ಆತು ಸರ್, ಜಾಗದ್ದು ನೋಡೀರಿಲ್ಲೋ?”

ಡ್ರಿಲ್ಲಿಂಗ್‌ನ ದಿನ ಬೆಳಿಗ್ಗೆ, ವೀಣಾ ಬೆಂಡಿಗೊದ ಸೈಟಿನಲ್ಲಿದ್ದಾಗ, ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಕಚೇರಿಯಿಂದ ಫೋನ್ ಬಂತು. ನಮ್ಮ ವರದಿಗಳನ್ನು ಮರುಪರಿಶೀಲಿಸುತ್ತಿದ್ದ ಉಡುಪಿಯ ಶೆಟ್ಟರು.

“ಮಾರಾಯ್ರೆ, ಸ್ಯಾಂಡ್‌ಹರ್ಸ್ಟ್ ಅಂತ ಹುಡುಕಿದ್ದೀರಾ?”

“ಅದ್ಯಾಕೆ?”

“1891ರವರೆಗೆ ಆ ಊರಿನ ಸರ್ಕಾರಿ ಹೆಸರು ಅದೇ ಅಲ್ವಾ? ಆಮೇಲೆ ಜನ ವೋಟ್ ಹಾಕಿ ಬೆಂಡಿಗೊ ವಾಪಸ್ ತಂದದ್ದು. ಹಳೇ ಮ್ಯಾಪ್ ಆ ಹೆಸರಲ್ಲೇ ಉಂಟು. ನಿಮ್ಮ ಮೂರನೇ ಹೋಲ್ ಸೀದಾ ಶಾಫ್ಟ್ ಮೇಲೆ!”

ಆ ಜಾಗ ಕಣ್ಮುಂದೆ ಬಂತು: ಬಾವಿಯ ಬಾಯಿಗೆ ಮುಚ್ಚಿದ ಕೊಳೆತ ಹಲಗೆ, ಅದರ ಮೇಲೆ ಒಂದಡಿ ಮಣ್ಣು, ಮಣ್ಣಿನ ಮೇಲೆ ಟನ್‌ಗಟ್ಟಲೆ ತೂಕದ ಕೊರೆಯುವ ಯಂತ್ರ, ಅಂದರೆ ರಿಗ್, ಪಕ್ಕದಲ್ಲಿ ವೀಣಾ. ಅವಳಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕಿಟಕಿಯ ಕೆಳಗೆ ಟ್ರ್ಯಾಮ್ ಗಂಟೆ ಬಾರಿಸಿದರೂ ಬೆಚ್ಚಿದೆ. ನಾಲ್ಕನೆಯ ಸಲ ಅವಳ ದನಿ ಕೇಳಿತು.

“ವೀಣಾ, ರಿಗ್ ನಿಲ್ಲಿಸು!”

“ನಿಲ್ಲಿಸೀವ್ರೀ ಸರ್. ಎಲ್ಲಾರೂ ದೂರ ಸರದೀವಿ.” ದನಿ ನಡುಗುತ್ತಿತ್ತು. ನನ್ನ ಕೂಗಿಗೆ ಹೆದರಿದಳೆಂದುಕೊಂಡೆ.

ಅಂದಿನಿಂದ, ಜಾಗದ ಹಳೆಯ ಹೆಸರುಗಳನ್ನೆಲ್ಲ ಪಟ್ಟಿ ಮಾಡದೆ ಯಾವ ವರದಿಗೂ ಸಹಿ ಹಾಕಿಲ್ಲ. ಆದರೆ ನನ್ನ ಫೋನೇ ಅವಳನ್ನು ಉಳಿಸಿತೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಕೆಲಸ ಬಿಡುವ ಮುನ್ನ ಅನುಮಾನ ಕೊರೆದು, ಆ ದಿನದ ಸೈಟ್ ಡೈರಿ ತರಿಸಿ ನೋಡಿದೆ. ವೀಣಾಳ ಕೈಬರಹ ಸ್ಪಷ್ಟವಾಗಿತ್ತು: 10.40ಕ್ಕೆ ಮೂರನೇ ಹೋಲ್‌ನಲ್ಲಿ ಡ್ರಿಲ್ ರಾಡ್ ತಾನಾಗಿಯೇ ಎರಡು ಮೀಟರ್ ಕೆಳಗೆ ಬಿತ್ತು, ಅಡಿಯಲ್ಲಿ ಟೊಳ್ಳು, ರಿಗ್ ನಿಲ್ಲಿಸಿದೆ. 10.55ಕ್ಕೆ ಮೆಲ್ಬರ್ನ್‌ನಿಂದ ಫೋನ್.