ನನ್ನ ಹೆಜ್ಜೆ ನಡೆದವರು

ನಿನ್ನೆ ಹಳ್ಳದ ಪಕ್ಕದ ದಾರಿಯಲ್ಲಿ ತಾನಾಗಿ ಬೆಳೆದ ಸೋಂಪಿನ ಎಳೆಯೊಂದನ್ನು ಕಿತ್ತು ಹೊಸಕಿದೆ. ವಾಸನೆ ಮೂಗಿಗೆ ಬಡಿದದ್ದೇ ಹುಬ್ಬಳ್ಳಿಯವರು ನೆನಪಾದರು. ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಬಿಳಿ ಶೂ, ಬಾಯಲ್ಲಿ ಇದೇ ಸೋಂಪಿನ ಎಳೆ...

ಪರದೇಶದ ಈ ಕ್ಯಾಂಪ್‌ಬೆಲ್ ಊರಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮಗನ ಜೊತೆ ಇದ್ದವರು, ಅವರನ್ನು ಊರಿನ ಹೆಸರಿಂದಲೇ ಕರೆಯುತ್ತಿದ್ದೆ. ನಾನು ಮೈಸೂರಿನಿಂದ ಮಗಳ ಮನೆಗೆ ಬಂದ ಹೊಸದು. ನಮ್ಮ ಯಜಮಾನರು ಹೋದ ಮೇಲೆ ನನಗೆ ನಿದ್ದೆಯೇ ಇರಲಿಲ್ಲ. ಮಾತ್ರೆ ನುಂಗಿದರೆ ಮರುದಿನವೆಲ್ಲ ಮಂಕು. ಒಮ್ಮೆ ಅಳಿಯನ ಕಾಫಿಗೆ ಸಕ್ಕರೆ ಬದಲು ರವೆ ಹಾಕಿದ್ದೆ. ಮಾತ್ರೆ ಹೆಚ್ಚಿಸುವ ಮೊದಲು ಒಂದು ತಿಂಗಳು ದಿನಾ ಹೊರಗೆ ನಡೆದು ನೋಡಿ ಎಂದರು ಡಾಕ್ಟರು. ಮಗಳು ನನ್ನ ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿದಳು. ಆಫೀಸಿನಲ್ಲಿ ಕೂತೇ ಅವಳ ಫೋನಿನಲ್ಲಿ ನನ್ನ ಹೆಜ್ಜೆ ಕಾಣುತ್ತಿತ್ತು.

ನಾನು ಸುಮ್ಮನಿರುವವಳೇ? ಹುಬ್ಬಳ್ಳಿಯವರು ಹಳ್ಳದ ದಾರಿಯಲ್ಲಿ ದಿನಾ ನಡೆಯುತ್ತಿದ್ದರು. ವಾಚನ್ನು ಅವರಿಗೆ ಕಟ್ಟಿ ನಾನು ಮೊದಲನೇ ಬೆಂಚಿನಲ್ಲೇ ಕೂತುಬಿಟ್ಟೆ.

“ನಿಮ್ಮ ಹೆಜ್ಜಿ ನಾ ಹಾಕಿದ್ರ ನಿದ್ದಿ ಯಾರಿಗ್ ಬರ್ತೈತ್ರೀ ಅಕ್ಕಾರ?” ಎಂದು ನಗುತ್ತಲೇ ಕಟ್ಟಿಸಿಕೊಂಡರು.

ಸಂಜೆ ಮಗಳು, “ಅಮ್ಮಾ, ಐದು ಸಾವಿರ ಸ್ಟೆಪ್ಸು! ಸೂಪರ್!” ಎಂದು ತಬ್ಬಿಕೊಂಡಳು. ನಿದ್ದೆ ಮಾತ್ರ ಬರಲಿಲ್ಲ.

ಹೀಗೆ ಹತ್ತು ದಿನ ನಡೆಯಿತು. ಆಮೇಲೊಂದು ದಿನ ಹೋದವರು ವಾಪಸು ಬರಲೇ ಇಲ್ಲ. ಅರ್ಧ ಗಂಟೆ, ಒಂದು ಗಂಟೆ... ಮಗಳ ಫೋನು ಬಂತು.

“ಅಮ್ಮ, ಎಲ್ಲಿದ್ದೀಯ? ಆಗಿಂದ ಒಂದು ಸ್ಟೆಪ್ಪೂ ಏರಿಲ್ಲ. ಬಿದ್ಯಾ?”

“ಬಾತುಕೋಳಿ ನೋಡ್ತಾ ನಿಂತಿದ್ದೀನಿ ಕಣೆ,” ಎಂದು ಸುಳ್ಳು ಹೇಳಿ ಎದ್ದೆ. ಬಿದ್ದಿದ್ದರೆ ಅವರೇ ಬಿದ್ದಿರಬೇಕು, ನನ್ನ ವಾಚು ಕಟ್ಟಿಕೊಂಡು. ಸೇತುವೆ ದಾಟಿದೆ, ಫ್ರೀವೇ ಹೆದ್ದಾರಿಯ ಕೆಳಗೆ ನುಸುಳಿದೆ, ಸೈಕಲ್ಲುಗಳ ಗಂಟೆಗೆ ಎರಡು ಸಲ ಬೆದರಿದೆ. ಕೊನೆಗೆ ಕೆರೆಯ ದಂಡೆಯಲ್ಲಿ ಸಿಕ್ಕರು. ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಯನ್ನು ನೋಡುತ್ತ ಆರಾಮಾಗಿ ಕಲ್ಲಿನ ಮೇಲೆ ಕೂತಿದ್ದರು.

“ಬಂದ್ರಿ? ಕುಂದರ್ರಿ. ವಾಪಸ್ ಹೋಗೂದೂ ಇಷ್ಟ ದೂರ ಐತಿ.”

“ನಿಮಗೇನಾಯ್ತೋ ಅಂತ ನನ್ನ ಜೀವವೇ ಹೋಗಿತ್ತು!”

“ನಡಕೋತ ಬಂತಲ್ಲ, ಬಿಡ್ರಿ.”

ಬೈಯಲು ಉಸಿರಿರಲಿಲ್ಲ. ಕೂತೆ. ನೀರಿನ ಮೇಲಿಂದ ಗಾಳಿ, ಬೆನ್ನಿಗೆ ಬಿಸಿಲು... ಆ ಮಧ್ಯಾಹ್ನ ಊಟ ಮಾಡಿ ಸೋಫಾಕ್ಕೆ ಒರಗಿದವಳನ್ನು ಮೊಮ್ಮಗಳು ಸ್ಕೂಲಿನಿಂದ ಬಂದು ಅಲುಗಾಡಿಸಿ ಎಬ್ಬಿಸಬೇಕಾಯಿತು.

ಆಮೇಲೆ ನಾಲ್ಕು ವರ್ಷ ಜೊತೆಗೆ ನಡೆದೆವು. ಮಾತ್ರೆ ಹೆಚ್ಚಾಗಲಿಲ್ಲ, ಕಡೆಗೆ ಡಾಕ್ಟರೇ ನಿಲ್ಲಿಸಿದರು. ದುಃಖ ಹೋಯಿತೆಂದಲ್ಲ. ಅದನ್ನೂ ಅಷ್ಟು ದೂರ ನಡೆಸಿದರೆ ಅದಕ್ಕೂ ಸುಸ್ತಾಗುತ್ತದೆ, ಅಷ್ಟೇ.

ಹೋದ ವರ್ಷ ಅವರು ಹುಬ್ಬಳ್ಳಿಗೆ ವಾಪಸಾದರು. ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರ ಮಗ ನಮ್ಮ ಬಾಗಿಲು ತಟ್ಟಿ, “ಅವ್ವ ಹೋದ್ರು, ಆಂಟಿ,” ಎಂದ. ಏನೂ ತೋಚದೆ ಶೂ ಹಾಕಿಕೊಂಡು, ಅಳುತ್ತಲೇ ಕೆರೆಯವರೆಗೆ ಹೋಗಿ ಬಂದೆ. ಆ ರಾತ್ರಿ ನಿದ್ದೆ ಬರುವುದಿಲ್ಲ ಅಂದುಕೊಂಡಿದ್ದೆ, ಬರಬಾರದು ಅಂತಲೂ. ಬಂತು. ಬೆಳಗಾಗುವವರೆಗೂ ಬಂತು. ಎದ್ದಾಗ ನಾಚಿಕೆಯಾಯಿತು.

ಇವತ್ತೂ ಒಬ್ಬಳೇ ನಡೆದು ಬಂದು, ಇದನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಅವರಿಲ್ಲ. ನಿದ್ದೆ ಬರುತ್ತಿದೆ.