ಮ್ಯಾಲಿನವರನ್ನ ಊಟಕ್ಕೆ ಕರೆದ ಚನ್ನಕ್ಕ

ದಾಸರಹಳ್ಳಿಯ ಚನ್ನಕ್ಕನ ಕೈರೊಟ್ಟಿ ತಿನ್ನದ ಪೀಣ್ಯದ ಹುಡುಗರಿಲ್ಲ, ಅವಳ ಬಾಯಿ ಕೇಳದ ಮನೆಯೂ ಆ ರಸ್ತೆಯಲ್ಲಿಲ್ಲ. ರೋಣದ ಕಡೆಯ ಹೆಣ್ಣುಮಗಳು. ಗಂಡ ಗುರುಪಾದಪ್ಪನಿಗೆ ಇಲ್ಲಿ ಕಾರ್ಖಾನೆ ಕೆಲಸ ಸಿಕ್ಕಿತೆಂದು ರೊಟ್ಟಿಹಂಚನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದವಳು. ಮೊದಲು ಗಂಡನ ಜೊತೆಗಾರರು ಉಣ್ಣಲು ಬಂದರು, ಆಮೇಲೆ ಆ ಜೊತೆಗಾರರ ಜೊತೆಗಾರರು. ನೋಡನೋಡುತ್ತ ತಾರಸಿ ಮೇಲಿನ ತಗಡಿನ ಚಪ್ಪರವೇ ಖಾನಾವಳಿಯಾಯಿತು.

ಅತ್ತೆ ಹಾಕಿಕೊಟ್ಟ ನೇಮ ಒಂದಿತ್ತು. ಊಟದ ಹೊತ್ತಿಗೆ ಮನೆ ಮುಂದೆ ಯಾರೇ ಹಾದುಹೋಗಲಿ, 'ಬರ್ರಿ, ಊಟ ಮಾಡೂಣು' ಅನ್ನಬೇಕು. ಕರೆಗೆ ಓಗೊಟ್ಟು ಬಂದವರನ್ನು ಹಸಿದು ಕಳಿಸಬಾರದು. ಕೊರಿಯರಿನವನಿಗೂ ಕರೆ, ಮೀಟರ್ ನೋಡುವವನಿಗೂ ಕರೆ. ಈ ಊರಿನವರೋ ಗಡಿಬಿಡಿಯವರು, 'ಬೇಡಮ್ಮ, ಲೇಟಾಗುತ್ತೆ' ಅಂದು ಓಡುತ್ತಿದ್ದರು. ನೇಮವೂ ಉಳಿಯುತ್ತಿತ್ತು, ರೊಟ್ಟಿಯೂ ಉಳಿಯುತ್ತಿತ್ತು.

ಒಂದು ಸಂಜೆ, ಆಗಷ್ಟೇ ಕತ್ತಲಾಗುತ್ತಿದೆ, ಕೊಪ್ಪಳದ ಫಿಟ್ಟರ್ ವಿಜಯಕುಮಾರ ತುತ್ತು ಹಿಡಿದ ಕೈಯಲ್ಲೇ ಮೇಲೆ ತೋರಿಸಿದ.

"ಅಕ್ಕಾ, ಅಲ್ಲಿ ನೋಡು."

"ವಿಮಾನ ಅಲ್ಲೇನೋ ತಮ್ಮಾ?"

"ವಿಮಾನಾಗಿದ್ರ ಮಿಣಮಿಣ ಅಂತಿತ್ತು. ಇದು ಒಂದ ಸವನ ಹೊಂಟೈತಿ ನೋಡು. ಬಾಹ್ಯಾಕಾಶ ನಿಲ್ದಾಣ. ಒಳಗ ಮಂದಿ ಅದಾರ, ತಿಂಗಳಗಟ್ಟಲೆ ಅಲ್ಲೇ ಇರ್ತಾರ."

"ಅಡಗಿ ಯಾರು ಮಾಡ್ತಾರ?"

"ಎಲ್ಲಿ ಅಡಗಿ? ಪಾಕೀಟು ಹರದು, ನೀರು ಹಾಕ್ಕೊಂಡು ತಿಂತಾರ."

ಚನ್ನಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದಳು. ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ಕೂಗಿದಳು: "ಬರ್ರೀ! ಊಟಾ ಮಾಡೂಣು ಬರ್ರೀ!"

ವಿಜಯಕುಮಾರನಿಗೆ ನಗು ತಡೆಯದೆ ತುತ್ತು ನೆತ್ತಿಗೇರಿತು. "ವಿಮಾನದವರನ್ನ ಒಂದಿನಾನೂ ಕರದಿಲ್ಲಲ್ಲಕ್ಕಾ?"

"ಅವರು ದೇವನಹಳ್ಳ್ಯಾಗ ಇಳದು ಮನೀಗೆ ಹೋಗಿ ಉಣ್ತಾರ. ಇವರು ಎಲ್ಲಿ ಇಳೀಬೇಕು?"

ಮೇಲಿನವರು ತಮ್ಮ ಪಾಡಿಗೆ ಹಾದುಹೋದರು. ಆದರೆ ಪಕ್ಕದ ತಾರಸಿಯ ಆವಲಪ್ಪ, ನೀರಿನ ಟ್ಯಾಂಕ್ ತುಂಬಿತೇ ಅಂತ ನೋಡಲು ಹತ್ತಿದವನು, ಗೋಡೆ ದಾಟಿ ಬಂದೇಬಿಟ್ಟ. ಪಾಪ, ಸಕ್ಕರೆ ಕಾಯಿಲೆಯೆಂದು ಹೆಂಡತಿ ದಾಕ್ಷಾಯಣಿ ಅವನಿಗೆ ರಾತ್ರಿ ಬರೀ ಓಟ್ಸ್ ಬೇಯಿಸಿಡುತ್ತಿದ್ದಳು.

"ಕರದ್ಯಲ್ಲಮ್ಮಾ, ಬಂದೆ."

'ನಿಮ್ಮನ್ನಲ್ಲ' ಅನ್ನುವ ಮಾತು ಚನ್ನಕ್ಕನ ನಾಲಿಗೆ ತುದಿಗೆ ಬಂದು ವಾಪಸು ಹೋಯಿತು. ತಟ್ಟೆ ಇಟ್ಟಳು.

"ಏನಮ್ಮಾ ರೊಟ್ಟಿ, ಇಂಗೆ ಕಾಗ್ದ ಇದ್ದಂಗವೆ!" ಅಂದ ಮುದ್ದೆ ಊರಿನ ಆವಲಪ್ಪ. ಅಂದದ್ದೇ ಅಂದದ್ದು, ಎಣ್ಣೆಗಾಯಿಯ ಜೊತೆ ಅರ್ಧ ಬುಟ್ಟಿ ಖಾಲಿ ಮಾಡಿದ. "ದಾಕ್ಷಾಯಣಿ ಕಿವಿಗೆ ಮಾತ್ರ ಬೀಳಬಾರ್ದು."

ಮಾರನೆಯ ಸಂಜೆಯೂ ನಿಲ್ದಾಣ ಹಾಯಿತು, ಚನ್ನಕ್ಕ ಕರೆದಳು, ಆವಲಪ್ಪ ಬಂದ. ಅದರ ಮಾರನೆಯ ದಿನವೂ ಅಷ್ಟೇ. ಆಮೇಲೆ ಅವನು ಮೊಬೈಲಿಗೆ ನಿಲ್ದಾಣ ಬರುವ ಹೊತ್ತು ಹೇಳುವ ಆ್ಯಪ್ ಹಾಕಿಸಿಕೊಂಡು, ಕೈಕಾಲು ತೊಳೆದು, ಆಕಾಶ ನೋಡುತ್ತ ಕೂರತೊಡಗಿದ. ಮೋಡ ಕಂಡರೆ ಬೈಯುತ್ತಿದ್ದ. ಗಂಡನಿಗೆ ವಿಜ್ಞಾನದ ಹುಚ್ಚು ಹತ್ತಿತೆಂದು ದಾಕ್ಷಾಯಣಿ ರಸ್ತೆಯಲ್ಲೆಲ್ಲ ಹೇಳಿಕೊಂಡು ಬಂದಳು.

ಇತ್ತ ಶಿಫ್ಟ್ ಮುಗಿಸಿ ಬಂದ ಹುಡುಗರಿಗೆ ರೊಟ್ಟಿ ಸಾಲದಾಯಿತು. ಬರೀ ಅನ್ನ ಕಲಸುತ್ತ ವಿಜಯಕುಮಾರ ಹೇಳಿದ, "ಮ್ಯಾಲಿನವರನ್ನ ಕರದು ಕೆಳಗಿನವರನ್ನ ಉಪಾಸ ಕೆಡವಿದೆಲ್ಲಕ್ಕಾ! ಹುಡುಗರು ಬ್ಯಾರೆ ಖಾನಾವಳಿ ಹುಡಕಾಕ ಹತ್ಯಾರ. ನಾಳಿಂದ ಕರೀಬ್ಯಾಡ."

"ಉಣ್ಣೂ ಹೊತ್ತಿನ್ಯಾಗ ತಲಿ ಮ್ಯಾಲೆ ಹಾದು ಹೋಗವರನ್ನ ಹೆಂಗ ಬಿಡ್ಲೋ? ಅತ್ತಿ ಏನಂದಾಳು?"

"ಅತ್ತಿ ತೀರಿಕೊಂಡು ವರ್ಷಾದ್ವು."

"ಅದಕ್ಕ ಅಂದೆ. ಆಕೀನೂ ಮ್ಯಾಲೇ ಅದಾಳ, ನೋಡ್ತಿರ್ತಾಳ."

ಆದರೂ ಖಾನಾವಳಿ ಕೈಬಿಟ್ಟರೆ ಬದುಕೇ ಕೈಬಿಟ್ಟಂತೆ. ಮರುದಿನ ಸಂಜೆ ನಿಲ್ದಾಣದ ಬೆಳಕು ಪಡುವಣದಲ್ಲಿ ಮೂಡುತ್ತಲೇ ಚನ್ನಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಿಲ್ದಾಣ ಏರಿತು. ಕಣ್ಣು ಮುಚ್ಚಿದಳು. ನೆತ್ತಿಗೆ ಬಂತು. ಒಂದು ಕಣ್ಣು ತೆರೆದು ನೋಡಿದಳು. ಕರೆಯದಿದ್ದರೆ ಬೇಡ, ವಿಚಾರಿಸುವುದಕ್ಕೇನು? ಅಷ್ಟಾದರೂ ಮರ್ಯಾದೆ ಬೇಡವೇ? ಸೆರಗು ಕಿತ್ತು ಆಕಾಶಕ್ಕೆ ಕೇಳಿಯೇಬಿಟ್ಟಳು:

"ಊಟಾ ಆತೇನ್ರೀ?"

"ಇಲ್ಲ ಕಣಮ್ಮಾ!" ಅಂತ ಪಕ್ಕದ ತಾರಸಿಯ ಕತ್ತಲು ತಟ್ಟನೆ ಉತ್ತರಿಸಿತು. "ಇವತ್ತೂ ಓಟ್ಸೇ ಮಾಡವ್ಳೆ!"

ಆವಲಪ್ಪನ ಒಂದು ಕಾಲು ಆಗಲೇ ಗೋಡೆಯ ಈಚೆಗಿತ್ತು. ಚನ್ನಕ್ಕ ಮೇಲೆ ನೋಡಿದಳು, ಪಕ್ಕಕ್ಕೆ ನೋಡಿದಳು, ಸೆರಗು ಸೊಂಟಕ್ಕೆ ಸಿಗಿಸಿ ವಿಜಯಕುಮಾರನ ಕಡೆ ತಿರುಗಿದಳು.

"ನಿಂತು ಏನ್ ನೋಡ್ತಿ? ಹಿಟ್ಟು ಕಲಸಾಕ ಇನ್ನೊಂದು ಎಸರಿಗೆ ನೀರಿಡು. ಇವತ್ತಿಂದ ರೊಟ್ಟಿ ಬಡಿಯೂದು ನೀನೂ ಕಲಿ."