ಐಲೀನ್ ಜೊತೆ ಸುಮ್ಮನೆ ಕೂತದ್ದು

ಐಲೀನ್ ಪಿಸುಮಾತಾಡಿದರೂ ಎದುರುಮನೆಗೆ ಕೇಳಿಸುತ್ತಿತ್ತು. ಬರ್ಮಿಂಗ್‌ಹ್ಯಾಮಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿದವರು. ಎಂಜಿನ್ನಿನ ಸದ್ದು ಮೀರಿಸಿ ಮಾತಾಡುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಪೋಸ್ಟ್‌ಮನ್ ಇರಲಿ, ನಮ್ಮ ಡಾಕ್ಟರು ಇರಲಿ, ಎಲ್ಲರೂ ಅವರಿಗೆ ‘ಬ್ಯಾಬ್’. ನಮ್ಮಲ್ಲಿ ದೊಡ್ಡವರು ‘ಮಗಾ’ ಅನ್ನುವ ಹಾಗೆ. ಇಂಥವರು ಮೌನವನ್ನೇ ಪ್ರಾರ್ಥನೆ ಎಂದುಕೊಂಡ ಕ್ವೇಕರ್ ಎಂಬ ಕ್ರೈಸ್ತ ಪಂಥದವರೆಂದು ತಿಳಿದಾಗ ನನಗೆ ನಗು ಬಂದಿತ್ತು.

ಊರ ನಡುವೆ ದೊಡ್ಡ ಹೊಸ ಲೈಬ್ರರಿ ತೆರೆದ ವರ್ಷದ ಚಳಿಗಾಲದಲ್ಲಿ ನನ್ನ ಗಂಡ ರಮೇಶ್ ಹೃದಯಾಘಾತದಿಂದ ತೀರಿಕೊಂಡರು. ನಮ್ಮ ಕನ್ನಡದವರು ಕೈಬಿಡಲಿಲ್ಲ. ಸರದಿ ಹಾಕಿಕೊಂಡು ಸಾರು, ಪಲ್ಯ ತಂದುಕೊಟ್ಟರು. ಆದರೆ ಬಂದವರೆಲ್ಲ ಏನಾದರೂ ಹೇಳಲೇಬೇಕಿತ್ತು. ಊರಿಗೆ ಹೋಗಿಬಿಡು ಎಂದರು ಕೆಲವರು. ಮಗಳ ಓದು ಮುಗಿಯುವ ತನಕ ಅಲ್ಲಾಡಬೇಡ ಎಂದರು ಇನ್ನು ಕೆಲವರು. ಎಲ್ಲದಕ್ಕೂ ತಲೆಯಾಡಿಸಿ ಸುಸ್ತಾಗಿದ್ದೆ.

ಪಕ್ಕದ ಮನೆಯ ಐಲೀನ್ ಒಂದು ಮಧ್ಯಾಹ್ನ ಹಿಂಬಾಗಿಲಿನಿಂದ ಬಂದು, ತಾವೇ ಕೆಟಲ್ ಇಟ್ಟು, ಅಡುಗೆಮನೆಯಲ್ಲಿ ನನ್ನೆದುರು ಕೂತರು. ಆ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ. ನಾನು ಅತ್ತೆ. ಅಳಬೇಡ ಎನ್ನಲಿಲ್ಲ. ಚಹಾ ಆರಿಹೋದ ಮೇಲೆ ಎದ್ದು, “ಭಾನುವಾರ ನಾವೊಂದಷ್ಟು ಜನ ಹೀಗೇ ಸುಮ್ನೆ ಕೂರ್ತೀವಿ, ಬ್ಯಾಬ್. ಅನ್ನಿಸಿದ್ರೆ ಬಾ. ನಿನ್ನ ದೇವರನ್ನ ಬಾಗಿಲಲ್ಲಿ ಬಿಟ್ಟು ಬಾ ಅಂತ ಯಾರೂ ಹೇಳಲ್ಲ,” ಎಂದರು.

ಹೋದೆ. ದುಂಡಗೆ ಹಾಕಿದ ಕುರ್ಚಿಗಳು, ಕಿಟಕಿಯಾಚೆ ಒಂದು ಸೇಬಿನ ಮರ. ಪಾದ್ರಿ ಇಲ್ಲ, ಹಾಡಿಲ್ಲ. ಒಳಗಿನಿಂದ ಮಾತು ಬಂದವರು ಎದ್ದು ನಾಲ್ಕು ಮಾತಾಡಬಹುದು. ಬಹಳ ಸಲ ಯಾರೂ ಏಳುತ್ತಿರಲಿಲ್ಲ. ಮೊದಲ ದಿನ ನಾನು ಕೌನ್ಸಿಲ್ ಟ್ಯಾಕ್ಸಿನ ಬಗ್ಗೆ ಯೋಚಿಸುತ್ತ ಕೂತಿದ್ದೆ. ಎಷ್ಟೋ ವಾರಗಳಾದ ಮೇಲೆ, ಸುತ್ತ ಕೂತವರ ಉಸಿರಾಟವೇ ನನ್ನನ್ನು ಹಿಡಿದುಕೊಂಡಿದೆ ಅನ್ನಿಸತೊಡಗಿತು. ದುಃಖ ಹಗುರಾಯಿತೆಂದು ಹೇಳಲಾರೆ. ಅದನ್ನು ಮಡಿಲಲ್ಲಿಟ್ಟುಕೊಂಡು ಕೂರಲು ಜೊತೆ ಸಿಕ್ಕಿತು. ಒಮ್ಮೆ ಆ ಗಾಢ ಮೌನದಲ್ಲಿ ಐಲೀನರ ಹೊಟ್ಟೆ ಗುರ್ರೆಂದಿತು. ಅವರೇ ಮೊದಲು ನಕ್ಕರು. ರಮೇಶ್ ಹೋದ ಮೇಲೆ ನಾನು ನಕ್ಕದ್ದು ಅಂದೇ.

ಸುದ್ದಿ ಹಬ್ಬಿತು. ಇಲ್ಲಿನ ನಮ್ಮ ಕನ್ನಡದವರಲ್ಲೊಬ್ಬರಾದ ಮಂಗಳೂರು ಕಡೆಯ ವಿನೋದಕ್ಕ ಫೋನ್ ಮಾಡಿ, “ಚರ್ಚಿಗೆ ಸೇರಿದ್ಯಂತೆ, ಹೌದಾ?” ಎಂದು ಕೇಳಿದರು. ನೊಂದುಕೊಂಡು ಐಲೀನರಿಗೆ ಹೇಳಿದೆ. ಅವರು, ಹಾಗಾದರೆ ಈ ಶನಿವಾರ ನಿನ್ನ ದೇವಸ್ಥಾನಕ್ಕೆ ಹೋಗೋಣ ಎಂದರು. ಪುಟ್ಟ ಕಾರನ್ನು ಬಸ್ಸಿನ ಹಾಗೆ ತಿರುವುಗಳಲ್ಲಿ ಅಗಲಕ್ಕೆ ತಿರುಗಿಸುತ್ತ ಟಿವಿಡೇಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಬಾಲಾಜಿಯೆದುರು ಗಂಟೆ, ಮಂತ್ರ, ಮಕ್ಕಳ ಗಲಾಟೆ. ಐಲೀನ್ ನೋಯುವ ಮಂಡಿ ಮಡಚಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ಅಲ್ಲೇ ಸಿಕ್ಕ ವಿನೋದಕ್ಕ ದೂರದಿಂದ ನೋಡಿದರು, ಮತ್ತೆ ನೋಡಿದರು. ಕೊನೆಗೆ ತಾವೇ ಹೋಗಿ ಪುಳಿಯೋಗರೆಯ ತಟ್ಟೆ ತಂದು ಐಲೀನರ ಕೈಗಿತ್ತು ಪಕ್ಕದಲ್ಲಿ ಕೂತರು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಐಲೀನರಿಗೆ ಕ್ಯಾನ್ಸರ್ ಬಂತು. ಕೊನೆಯ ಸಲ ನೋಡಿದ್ದು, ಗುಣವಾಗದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲಿ, ಬೇಸಿಗೆಯ ಒಂದು ಬೆಳಗ್ಗೆ. ಅಭ್ಯಾಸದಂತೆ ಪಕ್ಕದಲ್ಲಿ ಸುಮ್ಮನೆ ಕೂತೆ. ಅವರು ಹೊರಳಾಡುತ್ತಲೇ ಇದ್ದರು.

“ಆಗ್ತಿಲ್ಲ ಬ್ಯಾಬ್,” ಎಂದರು. “ಕಣ್ಣು ಮುಚ್ಚಿದ್ರೆ ಭಯ ಆಗುತ್ತೆ. ಇಷ್ಟು ವರ್ಷ ಕೂತಿದ್ದೆಲ್ಲ ಎಲ್ಲಿ ಹೋಯ್ತೋ.”

ನಾನು ಅವರ ಕೈ ಹಿಡಿದುಕೊಂಡೆ.

“ಏನಾದ್ರೂ ಮಾತಾಡು. ನಿನ್ನ ಭಾಷೇಲೇ. ನಂಗೆ ಅರ್ಥ ಆಗೋದೇನೂ ಬೇಡ.”

ಶುರುಮಾಡಿದೆ. ಮೊದಲ ಹಿಮದಲ್ಲಿ ರಮೇಶ್ ಜಾರಿಬಿದ್ದದ್ದು, ಎದ್ದು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ್ದು. ಆಸ್ಪತ್ರೆಯಿಂದ ತಂದ ಅವರ ಕೋಟನ್ನು ನಾನು ಎಷ್ಟೋ ಕಾಲ ಒಗೆಯದೇ ಇಟ್ಟುಕೊಂಡದ್ದು. ಮಗಳಿಗೂ ಹೇಳಿರದ ಮಾತುಗಳು ಕನ್ನಡದಲ್ಲಿ ತಾವಾಗಿ ಬಂದವು. ಐಲೀನರ ಹಣೆಯ ಗಂಟು ಮೆಲ್ಲಗೆ ಸಡಿಲವಾಯಿತು, ಕಣ್ಣು ಮುಚ್ಚಿದವು. ನಿದ್ದೆ ಬಂತೆಂದುಕೊಂಡು, “ಸಾಕಾ?” ಎಂದೆ, ಕನ್ನಡದಲ್ಲೇ.

ಕಣ್ಣು ತೆರೆಯದೆ, ಇಲ್ಲವೆಂದು ತಲೆಯಾಡಿಸಿದರು.

ನಾನು ಮುಂದುವರಿಸಿದೆ.